ಗ್ರಂಥಮ್ಮನಿಗೆ ಕೆಲಸವಿತ್ತು

ಪ್ರಿನ್ಸಿಪಾಲರು ಆಡಿದ್ದು ಒಂದೇ ಒಂದು ಮಾತು. ಅದನ್ನೂ ಅವರು ಕೊಡೆ ಬಿಡಿಸುತ್ತ, ಮೆಟ್ಟಿಲಿಳಿಯುತ್ತ, ಮುಕ್ಕಾಲು ಬೆನ್ನು ತೋರಿಸಿಕೊಂಡೇ ಆಡಿದ್ದರು.

"ವಿದೇಶಿ ವಿದ್ಯಾರ್ಥಿಗಳ ವಿಚಾರ ಇನ್ನು ಮೇಲೆ ನೀವೇ ನೋಡ್ಕೊಂಡ್ಬಿಡ್ರಿ."

ಇಪ್ಪತ್ತೇಳು ವರ್ಷಗಳಿಂದ ಆ ಕಾಲೇಜಿನ ಹಾಜರಿ ಪುಸ್ತಕಗಳನ್ನು ಕಾಯುತ್ತ ಬಂದು, ಆ ಕಾರಣದಿಂದಲೇ ವಿದ್ಯಾರ್ಥಿಗಳ ಬಾಯಲ್ಲಿ ಹಾಜರಪ್ಪ ಎಂದು ನಾಮಕರಣಗೊಂಡಿದ್ದ ಗುಮಾಸ್ತರು ಆ ಮಾತನ್ನು ಕೈಕಟ್ಟಿ ನಿಂತು ಸ್ವೀಕರಿಸಿದರು. 'ವಿಚಾರ' ಎಂಬ ಮೂರಕ್ಷರದ ಪದವು ಅವರ ಕಿವಿಯನ್ನು ಹೊಕ್ಕು, ಅವರೊಡನೆಯೇ ಮೆಟ್ಟಿಲು ಹತ್ತಿ, ಅವರ ಮೇಜಿನ ಬಳಿ ಬಂದು ಕೂರುವಷ್ಟರಲ್ಲಿ ನಾಲ್ಕಕ್ಷರದ 'ವಿಚಾರಣೆ'ಯಾಗಿ ಬೆಳೆದಿತ್ತು. ಮರುದಿನ ಬೆಳಿಗ್ಗೆ ಆ ಮೇಜಿನ ಮೇಲೆ, ಬಣ್ಣ ಇನ್ನೂ ಆರದಿದ್ದ ರಟ್ಟಿನ ಫಲಕವೊಂದು ಪ್ರತಿಷ್ಠಾಪಿತವಾಯಿತು: 'ವಿದೇಶಿ ವಿದ್ಯಾರ್ಥಿಗಳ ವಿಚಾರಣಾಧಿಕಾರಿ.'

ಆ ಕಾಲೇಜಿನಲ್ಲಿದ್ದ ವಿದೇಶಿ ವಿದ್ಯಾರ್ಥಿಗಳ ಒಟ್ಟು ಸಂಖ್ಯೆ ಒಂದು. ಫಲಕದ ಬಹುವಚನವನ್ನು ಗೌರವಾರ್ಥಕವೆಂದು ತಿಳಿಯತಕ್ಕದ್ದು.

ಆ ಒಬ್ಬಳು, ನಮ್ಮ ನುಡಿಯ ಗಾದೆಗಳನ್ನು ಕುರಿತು ಪ್ರಬಂಧ ಬರೆಯಲೆಂದು ಏಳು ಸಮುದ್ರದಾಚೆಯಿಂದ ಬಂದಿದ್ದ ಮೂವತ್ತರ ಹೆಣ್ಣುಮಗಳು. ತನ್ನ ಊರಿನ ಗ್ರಂಥಾಲಯದಲ್ಲಿ ದೊರೆತ ಏಕೈಕ ಹಳೆಯ ವ್ಯಾಕರಣ ಪುಸ್ತಕದಿಂದ ಭಾಷೆ ಕಲಿತವಳಾದ್ದರಿಂದ, ತರಕಾರಿ ಕೊಳ್ಳುವಾಗಲೂ ಆಕೆ "ಅಯ್ಯಾ, ಈ ಬದನೆಕಾಯಿಯು ಎಳೆಯದೇ?" ಎಂದು ಕೇಳುತ್ತಿದ್ದಳು. ಆಕೆ ಬಾಡಿಗೆಗಿದ್ದ ಕೋಣೆಯ ಕೆಳಗೆ ಅಂಗಡಿಯಿಟ್ಟಿದ್ದ ದರ್ಜಿಯು ಮೊದಲ ದಿನವೇ ಆಕೆಯನ್ನು ಗ್ರಂಥಮ್ಮ ಎಂದು ಕರೆದ. ಬೀದಿಯೆಲ್ಲ ಅದನ್ನೇ ಹಿಡಿಯಿತು.

ಹಾಜರಪ್ಪನವರು ನಲವತ್ತು ಪುಟಗಳ ವೀಸಾ ನಿಯಮಾವಳಿಯನ್ನು ಮನೆಗೊಯ್ದು ಎರಡು ದಿನ ಪಾರಾಯಣ ಮಾಡಿದರು. ವಿದ್ಯಾರ್ಥಿಯು ತರಗತಿಗೆ ತಪ್ಪದೆ ಬರಬೇಕು, ಮನೆ ಬದಲಿಸಿದರೆ ಏಳು ದಿನದೊಳಗೆ ತಿಳಿಸಬೇಕು ಎಂಬಂಥವು ಅವರಿಗೆ ಸಪ್ಪೆಯೆನಿಸಿದವು. ಆದರೆ ಹದಿನಾಲ್ಕನೆಯ ನಿಯಮದ ಮೇಲೆ ಅವರ ದೃಷ್ಟಿಯು ಬೆಲ್ಲದ ಮೇಲಿನ ಇರುವೆಯಂತೆ ನಿಂತುಬಿಟ್ಟಿತು: 'ವಿದ್ಯಾರ್ಥಿ ವೀಸಾದಲ್ಲಿ ಬಂದವರು ಓದಿನ ಹೊರತು ಬೇರಾವ ಕೆಲಸವನ್ನೂ ಮಾಡತಕ್ಕದ್ದಲ್ಲ. ಮಾಡಿದ್ದು ಕಂಡುಬಂದಲ್ಲಿ ವೀಸಾ ರದ್ದು.' ಅದರಡಿ ಕೆಂಪು ಪೆನ್ಸಿಲಿನಿಂದ ಎರಡು ಗೆರೆ ಎಳೆದರು. ಎಳೆದ ಗಳಿಗೆಯಿಂದ ಅವರಿಗೆ ಲೋಕದ ಮೇಲೆ ಗುಮಾನಿ ಹತ್ತಿತು.

ಸೋಮವಾರ ಬೆಳಿಗ್ಗೆ ಗ್ರಂಥಮ್ಮ ಮೇಜಿನೆದುರು ಬಂದು ತಲೆಬಾಗಿ ನಿಂತಳು.

"ಪೂಜ್ಯರೇ, ನನ್ನ ವೀಸಾದ ಅವಧಿಯು ಈ ಶುಕ್ರವಾರ ಸಂಜೆ ಐದು ಗಂಟೆಗೆ ಮುಗಿಯುವುದು. ಇನ್ನು ನಾಲ್ಕು ತಿಂಗಳು ದೊರೆತರೆ ನನ್ನ ಪ್ರಬಂಧವು ಪೂರ್ಣಗೊಳ್ಳುವುದು. ಉಳಿದ ಕಾಗದಗಳೆಲ್ಲ ಸಿದ್ಧವಾಗಿವೆ. 'ಈಕೆ ನಿಯಮದಂತೆ ನಡೆದಿದ್ದಾಳೆ' ಎಂಬ ಕಾಲೇಜಿನ ಪತ್ರವೊಂದೇ ಬೇಕಾಗಿದೆ."

"ಪತ್ರ ಸಿಗದಿದ್ರೆ?"

"ಶನಿವಾರ ನಾನು ಇಲ್ಲಿರುವಂತಿಲ್ಲ. ಮೂರು ವರ್ಷಗಳ ಶ್ರಮವು ಹೊಳೆಯಲ್ಲಿ ಹುಣಸೆಹಣ್ಣನ್ನು ತೊಳೆದಂತಾಗುವುದು."

ಹಾಜರಪ್ಪನವರು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಹಾಜರಿ ಪುಸ್ತಕ ತೆರೆದರು. "ಎರಡು ತಿಂಗಳಲ್ಲಿ ಹನ್ನೊಂದು ದಿನ ಗೈರು. ಯಾಕಮ್ಮ?"

"ಆ ದಿನಗಳಲ್ಲಿ ನನಗೆ ಕೆಲಸವಿತ್ತು."

ಹಾಜರಪ್ಪನವರ ಪೆನ್ನು ಕಾಗದದ ಮೇಲೆ ನಿಂತಲ್ಲೇ ನಿಂತು ಒಂದು ದೊಡ್ಡ ಮಸಿಬೊಟ್ಟನ್ನು ಇಟ್ಟಿತು.

"ಏನಿತ್ತು ಅಂದೆ?"

"ಕೆಲಸವಿತ್ತು, ಪೂಜ್ಯರೇ."

ಕಳ್ಳನೇ ನಡೆದುಬಂದು ಠಾಣೆಯ ಬಾಗಿಲು ತಟ್ಟಿದರೆ ಪೇದೆಗೆ ಎಂಥ ಸಂಭ್ರಮವೋ, ಅಂಥದೇ ಸಂಭ್ರಮ ಅವರ ಎದೆಯಲ್ಲಿ ಎದ್ದಿತು. ಅದನ್ನು ಅದುಮಿಟ್ಟು, ದನಿಗೆ ಜೇನು ಸವರಿಕೊಂಡು ಕೇಳಿದರು: "ಓಹೋ. ಹನ್ನೊಂದು ದಿನಾನೂ ಕೆಲಸವೇ?"

"ಹೌದು. ಮುಂಜಾನೆ ಎಂಟಕ್ಕೆ ಹೋದರೆ ಸಂಜೆಯವರೆಗೂ ಅದೇ ಕೆಲಸ."

"ಇವತ್ತು?"

"ಇಂದೂ ಕೈತುಂಬ ಕೆಲಸವಿದೆ." ಗ್ರಂಥಮ್ಮ ತನ್ನ ದಪ್ಪ ಟಿಪ್ಪಣಿ ಪುಸ್ತಕವನ್ನು ಬಿಡಿಸಿದಳು. "ಹೋಗುವ ಮುನ್ನ ಒಂದು ಗಾದೆಯ ಅರ್ಥವನ್ನು ತಮ್ಮಲ್ಲಿ ಕೇಳಬಹುದೇ? 'ಕೆಲಸವಿಲ್ಲದ ಬಡಗಿ ಮಗನ...'"

"ಮತ್ತೆ ಕೆಲಸದ ಮಾತಾ!" ಹಾಜರಪ್ಪನವರು ಪುಸ್ತಕವನ್ನು ಧಡ್ಡನೆ ಮುಚ್ಚಿದರು. "ಗುರುವಾರ ಬಾ. ನಿನ್ನ ವಿಚಾರ ವಿಚಾರಣೆಯಲ್ಲಿದೆ."

ಮನೆಗೆ ಹೋದವರೇ ಅಂಗಿ ಬಿಚ್ಚುವ ಮೊದಲೇ ಹೆಂಡತಿಗೆ ವರದಿ ಒಪ್ಪಿಸಿದರು.

"ಕೆಲಸ ಇತ್ತು ಅಂತ ತನ್ನ ಬಾಯಿಂದಲೇ ಹೇಳಿದ್ಲು ಕಣೇ!"

"ಇತ್ತು ಅಂದ್ರೆ ಇತ್ತು. ಅದಕ್ಕೇನೀಗ?"

"ಅದಕ್ಕೇನೀಗ ಅಂತೀಯಲ್ಲ! ವಿದೇಶದಿಂದ ಓದೋಕೆ ಬಂದವರು ಕೆಲಸ ಮಾಡೋ ಹಾಗೇ ಇಲ್ಲ. ಹದಿನಾಲ್ಕನೇ ನಿಯಮ."

"ಪುಣ್ಯವಂತರು. ಆ ನಿಯಮ ನನಗೂ ಹಚ್ಚಿಸಿಕೊಡಿ, ನಾಳೆಯಿಂದ ಒಲೆ ಮುಂದೆ ನೀವೇ ನಿಂತ್ಕೊಳ್ಳಿ," ಎಂದು ಆಕೆ ಪಾತ್ರೆಯನ್ನು ಕುಕ್ಕಿದರು. "ನಿಮಗೆ ಬೇರೆ ಕೆಲಸ ಇಲ್ಲ."

ಆ ಮನೆಯಲ್ಲಿ ಇದ್ದವರು ಈ ಇಬ್ಬರೇ. ಒಬ್ಬಳೇ ಮಗಳು ಮದುವೆಯಾಗಿ ಹೋಗಿ ಆರು ವರ್ಷವಾಗಿತ್ತು. ಗಂಡುಮಕ್ಕಳಿರಲಿಲ್ಲ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ಹಾಜರಪ್ಪನವರು ಇಡಲಿಲ್ಲ.

ಮಂಗಳವಾರ ಅವರು ಗ್ರಂಥಮ್ಮನ ಮನೆಯೊಡತಿಯ ಬಾಗಿಲಲ್ಲಿ ನಿಂತು, ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದರು: "ನಿಮ್ಮ ಮನೇಲಿರೋ ಹುಡುಗಿ ಬಗ್ಗೆ ಸ್ವಲ್ಪ ವಿಚಾರಿಸೋದಿತ್ತು."

ಮೂವರು ತಂಗಿಯರನ್ನೂ ಇಬ್ಬರು ನಾದಿನಿಯರನ್ನೂ ದಡ ಸೇರಿಸಿದ್ದ ಆ ಹೆಂಗಸಿಗೆ ಈ ವಾಕ್ಯದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೀಗೆ ದನಿ ತಗ್ಗಿಸಿ ಹುಡುಗಿಯೊಬ್ಬಳ ಬಗ್ಗೆ ವಿಚಾರಿಸುವವರು ಗಂಡಿನ ಕಡೆಯವರಲ್ಲದೆ ಮತ್ತಾರು?

"ಒಳಗೆ ಬನ್ನಿ, ಒಳಗೆ ಬನ್ನಿ! ಕೂತ್ಕೊಳ್ಳಿ. ಕಾಫಿ ತರ್ತೀನಿ."

"ಕಾಫಿ ಆಮೇಲೆ. ಮುಚ್ಚುಮರೆ ಇಲ್ಲದೆ ಹೇಳಿ. ಹುಡುಗಿ ಕೆಲಸ ಮಾಡ್ತಾಳಾ?"

"ಮಾಡ್ತಾಳಾ ಅಂದ್ರೆ! ಕೂತ ಕಡೆ ಕೂರೋಳಲ್ಲ."

ವಾಸ್ತವದಲ್ಲಿ ಗ್ರಂಥಮ್ಮನು ಕೂತರೆ ಏಳುವವಳಲ್ಲ. ಆಕೆಯ ಕೋಣೆಯಲ್ಲಿ ಪುಸ್ತಕಗಳ ಮೇಲೆ ಧೂಳೂ, ಧೂಳಿನ ಮೇಲೆ ಇನ್ನಷ್ಟು ಪುಸ್ತಕಗಳೂ ಇದ್ದವು, ಮನೆಯೊಡತಿ ವಾರಕ್ಕೊಮ್ಮೆ ಅದಕ್ಕಾಗಿ ಜಗಳ ಕಾಯುತ್ತಿದ್ದಳು. ಆದರೆ ಸಂಬಂಧ ಕೂಡಿಬರುವ ಹೊತ್ತಿನಲ್ಲಿ ಕಸದ ಮಾತೇಕೆ?

"ದಿನಕ್ಕೆ ಎಷ್ಟು ಗಂಟೆ?"

ಗಂಟೆಯ ಲೆಕ್ಕ ಕೇಳುವ ಬೀಗರನ್ನು ಆಕೆ ಕಂಡಿರಲಿಲ್ಲ. ಬಲು ಖಡಕ್ಕು ಮನೆತನವಿರಬೇಕು. "ಹದಿನಾರು," ಎಂದಳು. ಹಾಜರಪ್ಪನವರ ಹುಬ್ಬು ಮೇಲೇರಿತು. ಸಾಲದೆಂದು ತಿಳಿದು, "ಅಲ್ಲಲ್ಲ, ಹದಿನೆಂಟು!" ಎಂದಳು.

"ಎಂಥೆಂಥಾ ಕೆಲಸ?"

"ಒಂದಾ ಎರಡಾ! ಅಡಿಗೆ, ತೊಳೆಯೋದು, ಬಳಿಯೋದು. ಸಾಲದ್ದಕ್ಕೆ ಕೆಳಗೆ ದರ್ಜಿ ಅಂಗಡೀಲಿ ಹೊಲಿಗೆ ಕೆಲಸ ಬೇರೆ. ಅಂದಹಾಗೆ, ನೀವು ಯಾರ ಕಡೆಯಿಂದ ಬಂದಿರೋದು?"

"ಹೆಸರು ಹೇಳೋ ಹಾಗಿಲ್ಲ. ಮೇಲಿನವರು."

"ದೊಡ್ಡ ಜನ ಅನ್ನಿ!" ಎಂದು ಮನೆಯೊಡತಿ ಕೆನ್ನೆಗೆ ಕೈಯಿಟ್ಟುಕೊಂಡಳು. ಅವರು ಮೆಟ್ಟಿಲಿಳಿಯುವುದರೊಳಗೆ ಕಿಟಕಿಯಿಂದ ತಲೆ ಹಾಕಿ ದರ್ಜಿಗೆ ಪಿಸುದನಿಯಲ್ಲಿ ಕೂಗಿದಳು: "ಏನಪ್ಪಾ, ನಮ್ಮ ಗ್ರಂಥಮ್ಮಂಗೆ ಕಂಕಣಬಲ ಬಂದಿದೆ. ಹೊಲಿಗೆ ಬರ್ತದೆ ಅಂದಿದ್ದೀನಿ. ಹೊಟ್ಟೆಗೆ ಹಾಕ್ಕೊಂಡು ಒಳ್ಳೇ ಮಾತಾಡು!"

ದರ್ಜಿಯು ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರು ಸುಳ್ಳು ಹೇಳಲು ಹೊರಟರೆ ಅಳತೆಪಟ್ಟಿ ಬಳಸುವುದಿಲ್ಲ.

"ಹೊಲಿಗೇನಾ ಸಾರ್? ಆಯಮ್ಮ ಕಾಲಿಟ್ಟರೆ ಮಷೀನಿಗೇ ಸುಸ್ತಾಗ್ತದೆ. ದಿನಕ್ಕೆ ಇಪ್ಪತ್ತು ಅಂಗಿ. ಗುಂಡಿ, ಕಾಜ ಎಲ್ಲ ಸೇರಿ. ನಾನೀಗ ಬರೀ ಟೇಪು ಕತ್ತಿಗೆ ಹಾಕ್ಕೊಂಡು ಕೂತಿರ್ತೀನಿ."

ಬುಧವಾರ, ಹಾಜರಪ್ಪನವರು ತಮ್ಮ ಮುತ್ತಿನಂಥ ಅಕ್ಷರಗಳಲ್ಲಿ ನಾಲ್ಕು ಪುಟಗಳ ವರದಿ ಬರೆದು ವೀಸಾ ಕಚೇರಿಗೆ ರವಾನಿಸಿದರು. ಅದರ ಕೊನೆಯ ಸಾಲು ಹೀಗಿತ್ತು: 'ದಿನಕ್ಕೆ ಹದಿನೆಂಟು ಗಂಟೆಯಂತೆ ವಾರಕ್ಕೆ ಒಟ್ಟು ನೂರ ಇಪ್ಪತ್ತಾರು ಗಂಟೆಗಳ ಕೆಲಸವು ಸಂಶಯಾತೀತವಾಗಿ ಸಿದ್ಧಪಟ್ಟಿರುತ್ತದೆ.' ಇಷ್ಟು ದುಡಿದವಳು ತರಗತಿಗೆ ಬಂದದ್ದು ಯಾವಾಗ, ನಿದ್ದೆ ಮಾಡಿದ್ದು ಯಾವಾಗ ಎಂಬ ಪ್ರಶ್ನೆ ಅವರಿಗೆ ಹೊಳೆಯಲಿಲ್ಲ. ಅದು ನಿಯಮಾವಳಿಯಲ್ಲಿರಲಿಲ್ಲ.

ಗುರುವಾರ ಗ್ರಂಥಮ್ಮ ಮತ್ತೆ ಬಂದಳು. ಈ ಬಾರಿ ಆಕೆಯ ಕೈಬೆರಳುಗಳು ಟಿಪ್ಪಣಿ ಪುಸ್ತಕದ ಅಂಚನ್ನು ಬಿಡದೆ ಹಿಡಿದಿದ್ದವು.

"ಪೂಜ್ಯರೇ, ಪತ್ರವು?"

"ಮೇಲಕ್ಕೆ ಹೋಗಿದೆ."

"ಹಾಗಾದರೆ ನಾಳೆ ನನ್ನ ಕೆಲಸವಾಗುವುದೇ?"

"ನಾಳೆ," ಎಂದು ಹಾಜರಪ್ಪನವರು ಫಲಕವನ್ನು ಕರವಸ್ತ್ರದಿಂದ ಒರೆಸುತ್ತ ನುಡಿದರು, "ನಿನ್ನ ಕೆಲಸ ಪೂರ್ತಿ ಆಗ್ತದೆ."

ಆಕೆ ಕೃತಜ್ಞತೆಯಿಂದ ತಲೆಬಾಗಿ ಹೋದಳು.

ಅದೇ ಸಂಜೆ ಬೇಕರಿಯ ಮುಂದೆ ಮನೆಯೊಡತಿಯು ಹಾಜರಪ್ಪನವರ ಹೆಂಡತಿಯನ್ನು ತಡೆದು ನಿಲ್ಲಿಸಿದಳು.

"ಏನಕ್ಕಾ, ನಿಮ್ಮ ಯಜಮಾನ್ರು ನಮ್ಮನೆಗೆ ಹುಡುಗಿ ವಿಚಾರಿಸೋಕೆ ಬಂದಿದ್ರಲ್ಲ! ಯಾರಿಗೆ?"

"ಹುಡುಗಿನಾ? ನಮ್ಮವರಾ?"

"ಹೂಂ ಮತ್ತೆ. ಎಷ್ಟು ಹೊತ್ತು ಕೆಲಸ ಮಾಡ್ತಾಳೆ, ಅಡಿಗೆ ಬರ್ತದಾ, ಎಲ್ಲಾ ಬರ್ಕೊಂಡ್ರು. ಯಾರಿಗೆ ಅಂದ್ರೆ ಹೆಸರು ಹೇಳೋ ಹಾಗಿಲ್ಲ ಅಂದ್ರು."

ಹೆಂಡತಿಯು ಬೆರಳು ಮಡಚಿ ಎಣಿಸಿದರು. ಮಗನಿಲ್ಲ. ಮದುವೆಗಿರುವ ಮೈದುನನಿಲ್ಲ, ತಮ್ಮನಿಲ್ಲ. ನೆಂಟರಿಷ್ಟರಲ್ಲಿ ಇನ್ನೂ ಉಳಿದಿರುವ ಗಂಡಸೆಂದರೆ, ಹೆಸರು ಹೇಳುವ ಹಾಗಿಲ್ಲದ ಒಬ್ಬನೇ. ಆಕೆ ಬ್ರೆಡ್ಡನ್ನು ಅಲ್ಲೇ ಮರೆತು ಮನೆಗೆ ಹೋದರು. ಅಂದು ಹಾಜರಪ್ಪನವರಿಗೆ ಊಟ ಸಿಕ್ಕಿತು, ಮಾತು ಸಿಗಲಿಲ್ಲ. ಅಧಿಕಾರಸ್ಥರ ಮನೆಯಲ್ಲಿ ಹೀಗೇ ಭಯಭಕ್ತಿ ಇರುತ್ತದೆಂದು ಅವರು ತಿಳಿದರು.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ವೀಸಾ ಕಚೇರಿಯ ಅಧಿಕಾರಿಯೇ ಖುದ್ದಾಗಿ ಬಂದಿಳಿದರು. ನಲವತ್ತು ದಾಟಿದ, ಕೋಟು ತೊಟ್ಟ, ಯಾವ ಕಾಗದ ಕೊಟ್ಟರೂ ಹಿಂಬದಿಯನ್ನೇ ಮೊದಲು ನೋಡುವ ಮನುಷ್ಯ. ಪ್ರಿನ್ಸಿಪಾಲರ ಕೋಣೆಯಲ್ಲಿ ಸಾಕ್ಷಿಗಳಾಗಿ ಮನೆಯೊಡತಿಯೂ ದರ್ಜಿಯೂ ಬಂದು ಕುಳಿತರು. ಗ್ರಂಥಮ್ಮ ಮೂಲೆಯ ಕುರ್ಚಿಯ ತುದಿಯಲ್ಲಿ ಕುಳಿತಳು. ಏನೋ ಎಡವಟ್ಟಾಗಿದೆ ಎಂಬುದಷ್ಟೇ ಆಕೆಗೆ ತಿಳಿದಿತ್ತು. ಗೋಡೆಯ ಗಡಿಯಾರವನ್ನು ಆಕೆ ನಿಮಿಷಕ್ಕೊಮ್ಮೆ ನೋಡುತ್ತಿದ್ದಳು.

"ವಾರಕ್ಕೆ ನೂರ ಇಪ್ಪತ್ತಾರು ಗಂಟೆ ಕೆಲಸ," ಎಂದು ಅಧಿಕಾರಿಗಳು ವರದಿಯಿಂದ ತಲೆಯೆತ್ತಿದರು. "ಹೌದೇನ್ರಮ್ಮಾ?"

ಮನೆಯೊಡತಿ ಅವರನ್ನು ಕೋಟಿನಿಂದ ಬೂಟಿನವರೆಗೆ ಅಳೆದಳು. ಪಕ್ಕಕ್ಕೆ ಬಾಗಿ ದರ್ಜಿಗೆ ಹೇಳಿದ್ದು ಕೋಣೆಗೆಲ್ಲ ಕೇಳಿಸಿತು: "ಹುಡುಗ ಇವರೇನಾ? ವಯಸ್ಸು ಸ್ವಲ್ಪ ಹೆಚ್ಚಾಯ್ತು. ಇರ್ಲಿ, ಸರ್ಕಾರಿ ಸಂಬಳ."

"ಯಾವ ಹುಡುಗ?" ಎಂದರು ಅಧಿಕಾರಿಗಳು.

"ಅದನ್ನೇ ನಾನೂ ಕೇಳೋಕೆ ಬಂದಿದ್ದೀನಿ!" ಬಾಗಿಲಲ್ಲಿ ಹಾಜರಪ್ಪನವರ ಹೆಂಡತಿ ಕೊಡೆಯನ್ನು ದೊಣ್ಣೆಯಂತೆ ಹಿಡಿದು ನಿಂತಿದ್ದರು. "ನಮಗೆ ಮಗ ಇಲ್ಲ. ಮದುವೆಗಿರೋ ತಮ್ಮ ಇಲ್ಲ. ಈ ವಯಸ್ಸಲ್ಲಿ ಹುಡುಗಿ ನೋಡ್ಕೊಂಡು ಬಂದಿದ್ದು ಯಾರಿಗ್ರೀ?"

"ಲೇ, ಮೆತ್ತಗೆ! ಅದು ಸರ್ಕಾರದ ಗುಟ್ಟು!"

"ಓಹೋ! ಸರ್ಕಾರಕ್ಕೆ ಹೆಣ್ಣು ನೋಡಿದ್ರಾ?"

ಪ್ರಿನ್ಸಿಪಾಲರು ತಲೆ ಹಿಡಿದುಕೊಂಡರು. ಮನೆಯೊಡತಿ ಮಾತ್ರ ಎದ್ದುನಿಂತಳು. ಆಕೆಯ ಮುಖದ ಬಣ್ಣ ಇಳಿದಿತ್ತು.

"ಹಾಗಾದ್ರೆ ಇದು ಸಂಬಂಧದ ಮಾತಲ್ವಾ? ಅಯ್ಯೋ, ನಾನು ಹೇಳಿದ್ದೆಲ್ಲ ಸುಳ್ಳು ಸ್ವಾಮೀ! ಆ ಹುಡುಗಿ ಒಂದು ಕಡ್ಡಿ ಎತ್ತಿ ಆ ಕಡೆ ಇಡೋಳಲ್ಲ. ಕಸ ಗುಡಿಸು ಅಂದ್ರೆ ಕಸಕ್ಕೆ ಎಷ್ಟು ಗಾದೆ ಇದೆ ಅಂತ ಕೇಳ್ತಾಳೆ!"

"ನನ್ನ ಅಂಗಡೀಲೂ ಅಷ್ಟೇ ಸಾರ್," ದರ್ಜಿ ಕೂಡಿಕೊಂಡ. "ಒಂದೇ ಒಂದು ಸಲ ಗುಂಡಿ ಹಾಕಮ್ಮ ಅಂತ ಅವಳ ಅಂಗೀನೇ ಕೊಟ್ಟೆ. ಗಿರಾಕಿ ಅಂಗಿ ಸೇರಿಸಿ ಹೊಲಿದುಬಿಟ್ಲು. ಬಿಡಿಸೋಕೆ ನನಗೆ ಅರ್ಧ ದಿನ ಹಿಡೀತು."

ಇದರಿಂದ ಅಧಿಕಾರಿಗಳ ಗುಮಾನಿ ಇಳಿಯುವ ಬದಲು ಇಮ್ಮಡಿಯಾಯಿತು. "ಮಂಗಳವಾರ ಒಂದು ಮಾತು, ಶುಕ್ರವಾರ ಒಂದು ಮಾತು. ನಾನು ಯಾವ ವಾರ ನಂಬಲಿ?"

ಗಡಿಯಾರ ನಾಲ್ಕು ಹೊಡೆಯಿತು. ಹಾಜರಪ್ಪನವರು ಮುಳುಗುತ್ತಿರುವ ತಮ್ಮ ವರದಿಯನ್ನು ಜುಟ್ಟು ಹಿಡಿದು ಮೇಲೆತ್ತಿದರು.

"ಸಾಕ್ಷಿಗಳು ತಿರುಗಿ ಬೀಳಬಹುದು ಸಾರ್! ಆದ್ರೆ ಆಕೆ ತಾನೇ ಒಪ್ಪಿಕೊಂಡಿದ್ದಾಳೆ. ಹನ್ನೊಂದು ದಿನ, ಬೆಳಿಗ್ಗೆಯಿಂದ ಸಂಜೇವರೆಗೆ ಕೆಲಸ ಇತ್ತು ಅಂತ!"

ಅಧಿಕಾರಿಗಳು ಮೂಲೆಯತ್ತ ತಿರುಗಿದರು. "ಹೌದೇನಮ್ಮ? ಕೆಲಸ ಇತ್ತಾ?"

"ಇತ್ತು," ಎಂದಳು ಗ್ರಂಥಮ್ಮ.

ಮನೆಯೊಡತಿ ಕಣ್ಣು ಮುಚ್ಚಿಕೊಂಡಳು.

"ಎಲ್ಲಿ?"

"ತಮ್ಮ ಕಚೇರಿಯಲ್ಲಿಯೇ."

"ಸರ್ಕಾರಿ ಕೆಲಸ!" ಎಂದು ಹಾಜರಪ್ಪನವರು ಕುರ್ಚಿಯಿಂದ ಹಾರಿಬಿದ್ದರು. "ನೋಡಿದ್ರಾ ಸಾರ್, ಒಳಗೇ ಸೇರ್ಕೊಂಡುಬಿಟ್ಟಿದ್ದಾಳೆ!"

ಗ್ರಂಥಮ್ಮ ಟಿಪ್ಪಣಿ ಪುಸ್ತಕವನ್ನು ಬಿಡಿಸಿದಳು. ಪುಟಗಳ ಗುರುತಿಗೆಂದು ಆಕೆ ಅಲ್ಲಲ್ಲಿ ಇಟ್ಟಿದ್ದ ಚೀಟಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ಎಲ್ಲವೂ ವೀಸಾ ಕಚೇರಿಯ ಸರದಿ ಟೋಕನ್ನುಗಳು. ಒಂದೊಂದರ ಮೇಲೂ ತಾರೀಖಿನ ಮೊಹರು.

"ಮೊದಲ ದಿನ, ಭಾವಚಿತ್ರದಲ್ಲಿ ನನ್ನ ಕಿವಿಯು ಕಾಣುವುದಿಲ್ಲವೆಂದರು. ಎರಡನೆಯ ದಿನ ಕಿವಿಯು ಕಂಡಿತು, ಆದರೆ ಹಿಂಬದಿಯ ಗೋಡೆಯು ಬಿಳಿಯಾಗಿರಲಿಲ್ಲ. ಮೂರನೆಯ ದಿನ ಗೋಡೆಯು ಬಿಳಿಯಾಗಿತ್ತು, ಕಿಟಕಿಯಲ್ಲಿ ಮನುಷ್ಯರಿರಲಿಲ್ಲ. ನಾಲ್ಕನೆಯ ದಿನ, ಈ ಕೆಲಸ ಇಲ್ಲಿ ಆಗುವುದಿಲ್ಲ, ಮೇಲಿನ ಮಹಡಿಗೆ ಹೋಗೆಂದರು. ಐದನೆಯ ದಿನ, ಮೇಲಿನ ಮಹಡಿಯವರು ಕೆಳಗೆ ಕಳುಹಿಸಿದರು. ಅಲ್ಲಿಂದ ಮುಂದೆ ಆರು ದಿನ ತಮ್ಮ ಸಹಿಗಾಗಿ ಕಾದೆ. ಪ್ರತಿ ಸಲವೂ, 'ಸಾಹೇಬರಿಗೆ ಕೆಲಸವಿದೆ' ಎಂದರು."

ಅಧಿಕಾರಿಗಳು ಟೋಕನ್ನೊಂದನ್ನು ಎತ್ತಿಕೊಂಡರು. ರೂಢಿಯಂತೆ ಹಿಂಬದಿಯನ್ನು ನೋಡಿದರು. ಅಲ್ಲಿ ಗ್ರಂಥಮ್ಮನ ಅಕ್ಷರದಲ್ಲಿ 'ತಾಳಿದವನು ಬಾಳಿಯಾನು' ಎಂದಿತ್ತು. ಅವರು ಅದನ್ನು ಮೆಲ್ಲಗೆ ಕೆಳಗಿಟ್ಟು ಕೋಟಿನ ಗುಂಡಿಯನ್ನು ಸರಿಪಡಿಸಿಕೊಂಡರು.

"ಹಾಜರಿ ಪುಸ್ತಕ ತನ್ನಿ," ಎಂದರು ಪ್ರಿನ್ಸಿಪಾಲರು.

ಹಾಜರಪ್ಪನವರಲ್ಲಿ ಕುಂದುಗಳು ಎಷ್ಟೇ ಇರಲಿ, ಹಾಜರಿ ಪುಸ್ತಕದ ವಿಷಯದಲ್ಲಿ ಅವರು ಸತ್ಯಸಂಧರು. ಪುಸ್ತಕವನ್ನು ತಂದು, ಒಂದು ಬೆರಳು ಟೋಕನ್ನಿನ ಮೇಲೆ, ಇನ್ನೊಂದು ಬೆರಳು ಸಾಲಿನ ಮೇಲಿಟ್ಟು, ಗೈರುಹಾಜರಿಯ ತಾರೀಖುಗಳನ್ನು ಗಟ್ಟಿಯಾಗಿ ಓದತೊಡಗಿದರು. ಮೊದಲನೆಯದು ಸರಿಹೋಯಿತು. ಎರಡನೆಯದೂ. ಆರಕ್ಕೆ ಬರುವಷ್ಟರಲ್ಲಿ ದನಿ ಅರ್ಧಕ್ಕಿಳಿದಿತ್ತು. ಹನ್ನೊಂದನೆಯದನ್ನು ಅವರು ತಮ್ಮ ಗಂಟಲಿಗೆ ಮಾತ್ರ ಓದಿದರು.

"ಎಲ್ಲಾ ತಾಳೆ ಆಗ್ತದೆ," ಎಂದರು, ನೆಲ ನೋಡುತ್ತ.

"ಅಲ್ರೀ," ಅಧಿಕಾರಿಗಳು ಗುಡುಗಿದರು, ತಮ್ಮ ಕಚೇರಿಯ ಮೇಲಿನ ಗಮನ ಬೇರೆಡೆಗೆ ತಿರುಗುವುದು ಅವರಿಗೂ ಬೇಕಾಗಿತ್ತು, "ಕೆಲಸ ಇತ್ತು ಅಂದ್ರೆ ಕೆಲಸಕ್ಕೆ ಸೇರಿದ್ದಾಳೆ ಅಂತ ನಿಮಗೆ ಯಾವ ಪುಣ್ಯಾತ್ಮ ಹೇಳಿದ್ದು?"

"ನಾನು ವಿಚಾರ ನೋಡ್ಕೊಳ್ಳಿ ಅಂದೆ," ಪ್ರಿನ್ಸಿಪಾಲರು ನಿಟ್ಟುಸಿರಿಟ್ಟರು. "ವಿಚಾರಣೆ ಅಂದೆನಾ?"

ಹಾಜರಪ್ಪನವರು ಬಿಳಿ ಹಾಳೆಯೊಂದನ್ನು ಎಳೆದುಕೊಂಡು, ಯಾರಾದರೂ ಹೇಳುವ ಮೊದಲೇ, 'ಈಕೆ ನಿಯಮದಂತೆ ನಡೆದಿದ್ದಾಳೆ' ಎಂದು ಬರೆಯತೊಡಗಿದರು. ಅಕ್ಷರ ಈಗಲೂ ಮುತ್ತಿನಂತೆಯೇ ಇತ್ತು. ನಾಲ್ಕೂ ಐವತ್ತಕ್ಕೆ ಪ್ರಿನ್ಸಿಪಾಲರ ಸಹಿ ಬಿತ್ತು. ನಾಲ್ಕೂ ಐವತ್ತೈದಕ್ಕೆ ಅಧಿಕಾರಿಗಳು ಚೀಲದಿಂದ ಮೊಹರು ತೆಗೆದು, ಎರಡು ಸಲ ಊದಿ, ನಾಲ್ಕು ತಿಂಗಳ ಮೇಲೆ ಒತ್ತಿದರು.

"ಆಯ್ತಮ್ಮ, ನಿನ್ನ ಕೆಲಸ ಆಯ್ತು," ಎಂದರು.

ಗ್ರಂಥಮ್ಮ ಆ ಕಾಗದವನ್ನು ಎದೆಗೊತ್ತಿಕೊಂಡಳು. ಬಳಿಕ ಕಣ್ಣೊರೆಸಿಕೊಂಡು ಹಾಜರಪ್ಪನವರತ್ತ ಬಂದಳು.

"ಪೂಜ್ಯರೇ, ಸೋಮವಾರ ತಾವು ಅರ್ಥ ಹೇಳದೆ ಬಿಟ್ಟ ಗಾದೆಯೊಂದಿತ್ತು. ಕೆಲಸವಿಲ್ಲದ ಬಡಗಿಯು ತನ್ನ ಮಗನ ಪೃಷ್ಠಭಾಗವನ್ನು ಕೆತ್ತಿದನು. ಎರಡು ವರ್ಷಗಳಿಂದ ನನಗೆ ಅರ್ಥವಾಗಿರಲಿಲ್ಲ. ಇಂದು ಸಂಪೂರ್ಣವಾಗಿ ಅರ್ಥವಾಯಿತು. ಉದಾಹರಣೆಯಾಗಿ ತಮ್ಮನ್ನು ಪ್ರಬಂಧದಲ್ಲಿ ಸೇರಿಸಿಕೊಳ್ಳಬಹುದೇ?"

ಆಕೆಯ ಮುಖದಲ್ಲಿ ಕುಹಕದ ಎಳೆಯೂ ಇರಲಿಲ್ಲ. ಮೊದಲು ನಕ್ಕವರು ಹಾಜರಪ್ಪನವರ ಹೆಂಡತಿ. ಕೊಡೆ ಕೈಯಿಂದ ಜಾರಿಬಿತ್ತು.

ರಟ್ಟಿನ ಫಲಕವು ಅಂದೇ ಸಂಜೆ ಮೇಜಿನಿಂದಿಳಿದು, ಕುಂಟುತ್ತಿದ್ದ ಅದೇ ಮೇಜಿನ ಕಾಲಡಿಗೆ ಸೇರಿ, ಮೊದಲ ಬಾರಿಗೆ ಉಪಯೋಗಕ್ಕೆ ಬಂತು.

ಮರುದಿನ ಬೆಳಿಗ್ಗೆ ಹಾಜರಪ್ಪನವರು ಅಂಗಿ ತೊಟ್ಟು, ತಲೆ ಬಾಚಿ, ಹೊಸ್ತಿಲಲ್ಲಿ ನಿಂತು ಚಪ್ಪಲಿಗೆ ಕಾಲು ತೂರಿಸುತ್ತ ಎಂದಿನಂತೆ ಒಳಗೆ ಕೂಗಿದರು: "ಸ್ವಲ್ಪ ಹೊರಗೆ ಕೆಲಸ ಇದೆ ಕಣೇ, ಹೋಗಿ ಬರ್ತೀನಿ."

ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಗೂಡಿನಿಂದ ಕೆಂಪು ಪೆನ್ಸಿಲನ್ನೂ ಒಂದು ಹಳೆಯ ನೋಟ್‌ಬುಕ್ಕನ್ನೂ ತೆಗೆದುಕೊಂಡು, ಕುರ್ಚಿ ಎಳೆದು ಬಾಗಿಲಿಗೆ ಅಡ್ಡಲಾಗಿ ಕುಳಿತರು.

"ಎಂಥಾ ಕೆಲಸ? ಎಲ್ಲಿ? ವಾರಕ್ಕೆ ಎಷ್ಟು ಗಂಟೆ?"